ಕಥೆ ಮೇಡಂ ಅವರ ಗೊರಕೆ

"ಇದು ಎ.ಸಿ.ದೇ ಸದ್ದು. ಅನುಮಾನವೇ ಬೇಡ," ಎಂದು ಕಿವಿರಾಯ ರೆಕಾರ್ಡಿಂಗನ್ನು ಮತ್ತೊಮ್ಮೆ ಸ್ಪೀಕರಿನಲ್ಲಿ ಹಾಕಿದ.

ಘೊರ್ರ್ ಎಂದು ತಳದಿಂದ ಎದ್ದ ಸದ್ದು ಮೇಲೇರಿತು, ತುದಿಯಲ್ಲಿ ಒಂದು ಗಳಿಗೆ ತಡೆದು ನಿಂತಿತು, ಆಮೇಲೆ ಪುಸ್ಸೆಂದು ಇಳಿಯಿತು. ಮತ್ತೆ ಘೊರ್ರ್. ಮೇಜಿನ ಮೇಲಿದ್ದ ಟೀ ಲೋಟದಲ್ಲಿ ಚಮಚ ಸಣ್ಣಗೆ ಅದುರಿತು.

ಸ್ಟುಡಿಯೋ ಯಜಮಾನಿ ಕನ್ನಡಕವನ್ನು ಹಣೆಗೇರಿಸಿಕೊಂಡರು. "ಹೋದ ವಾರ ತಾನೆ ಸರ್ವಿಸ್ ಮಾಡಿ ಹೋಗಿದ್ದಾರೆ. ಇದೇನಾ ಸರ್ವಿಸ್ಸು? ಕರೆಸಿ ಆ ಮನುಷ್ಯನ್ನ."

ಬಾಗಿಲ ಬಳಿ ನಿಂತಿದ್ದ ಕಥೆ ಮೇಡಂ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದಳು. ಅದು ಮುಚ್ಚಿ ಆಗಲೇ ಬಹಳ ಹೊತ್ತಾಗಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳ ಇನ್ನೊಂದು ಕೈ ತಾನಾಗಿ ಗಂಟಲಿಗೆ ಹೋಗಿತ್ತು. ಆ ಕೋಣೆಯಲ್ಲಿದ್ದ ಮೂವರಲ್ಲಿ ಆ ಸದ್ದು ಯಾರದೆಂದು ಗೊತ್ತಿದ್ದವಳು ಅವಳೊಬ್ಬಳೇ. ಅದು ಅವಳದೇ ಗೊರಕೆ.

ಕಥೆ ಮೇಡಂ ಎಂಬುದು ಸ್ಟುಡಿಯೋದವರು ಕೊಟ್ಟ ಹೆಸರು. ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಕೊಡುವುದು ಅವಳ ಕೆಲಸ. ಅಡುಗೆ ಮಾಡುತ್ತಾ, ಬಸ್ಸಿನಲ್ಲಿ ನಿಂತು, ಆಸ್ಪತ್ರೆಯ ಮಂಚದಲ್ಲಿ ಮಲಗಿ ಅವಳ ದನಿ ಕೇಳುವವರು ಬೇಕಾದಷ್ಟು ಜನ. 'ನಿಮ್ಮ ದನಿ ಕೇಳಿದರೆ ಸಾಕು, ಹಾಯಾಗಿ ನಿದ್ದೆ ಬರುತ್ತೆ' ಎಂದು ಅಭಿಮಾನಿಗಳು ಬರೆಯುತ್ತಿದ್ದರು. ಅದನ್ನು ಓದಿದಾಗಲೆಲ್ಲ ಅವಳ ತಂಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಪಾಪ, ಅವರ್ಯಾರೂ ನಿನ್ನ ಪಕ್ಕ ಮಲಗಿಲ್ಲ ಕಣೇ ಅಕ್ಕ!"

ತಂಗಿ ಮದುವೆಯಾಗಿ ಹೋದ ಮೇಲೆ ಆ ತಮಾಷೆ ನಿಂತಿತು, ಗೊರಕೆ ನಿಲ್ಲಲಿಲ್ಲ. ಕಾಲೇಜಿನ ದಿನಗಳ ಗೆಳತಿಯರ ಜೊತೆ ಒಮ್ಮೆ ಪ್ರವಾಸಕ್ಕೆ ಹೋಗಿದ್ದಾಗ, ಬೆಳಗ್ಗೆ ಎದ್ದು ನೋಡಿದರೆ ಉಳಿದವರೆಲ್ಲ ಹಾಸಿಗೆ ಎಳೆದುಕೊಂಡು ವರಾಂಡದಲ್ಲಿ ಮಲಗಿದ್ದರು. ಯಾರೂ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಅವಳನ್ನು ಹೆಚ್ಚು ಚುಚ್ಚಿತು. ಅಲ್ಲಿಂದೀಚೆಗೆ ಅವಳು ಬೇರೆಯವರ ಮನೆಯಲ್ಲಿ ರಾತ್ರಿ ಉಳಿದವಳಲ್ಲ.

ಇನ್ನು ಕಿವಿರಾಯ. ಸ್ಟುಡಿಯೋದ ಸೌಂಡ್ ಎಂಜಿನಿಯರ್. ಅವನಿಗೆ ಆ ಹೆಸರು ಬೀಳಲು ಕಾರಣ ಇತ್ತು. ಅವಳ ಲೋಲಾಕು ಅಲುಗಿದ್ದು ಕೇಳಿಸುತ್ತದೆ ಎಂದು ಲೋಲಾಕು ತೆಗೆಸಿದ್ದ. ಗಂಜಿ ಹಾಕಿದ ಬಟ್ಟೆ ಸರಸರ ಅನ್ನುತ್ತದೆ ಎಂದು ಮೆತ್ತನೆಯ ಹತ್ತಿ ಬಟ್ಟೆಗೆ ಬದಲಾಯಿಸಿದ್ದ. ಅವನ ಮನೆಯಲ್ಲಿ ಗೋಡೆ ಗಡಿಯಾರವೇ ಇರಲಿಲ್ಲ. ಟಿಕ್ ಟಿಕ್ ಕೇಳಿದರೆ ನಿದ್ದೆ ಹತ್ತುವುದಿಲ್ಲವಂತೆ. ಇಂಥವನನ್ನೇ ಅವಳು ಪ್ರೀತಿಸಬೇಕೆ? ಹಣೆಬರಹ ಅನ್ನುವುದು ಇದಕ್ಕೇ ಇರಬೇಕು.

ಹಿಂದಿನ ಸಂಜೆ ಮೆಟ್ಟಿಲಿಳಿಯುವಾಗ ಅವನು ಕೈಚೀಲದ ಪಟ್ಟಿಯನ್ನು ಎಳೆದಾಡುತ್ತಾ ಹೇಳಿದ್ದ, "ನಾಳೆ ಕೊನೇ ಅಧ್ಯಾಯ. ಆಮೇಲೆ ಮುಂದಿನ ಪುಸ್ತಕ ಬರೋವರೆಗೂ ನಿಮ್ಮನ್ನ ನೋಡೋ ಹಾಗಿಲ್ಲ."

"ನೀವು ನನ್ನನ್ನ ನೋಡಿದ್ದು ಯಾವಾಗ? ಯಾವಾಗ್ಲೂ ಆ ಸೌಂಡ್ ಮೀಟರ್ ಮೇಲೇ ಕಣ್ಣು."

"ಅದು ನೆಪ. ಮೀಟರಿನ ಗಾಜಲ್ಲಿ ನಿಮ್ಮ ಮುಖ ಕಾಣುತ್ತೆ."

ಅವಳು ಮೆಟ್ಟಿಲು ತಪ್ಪಿ ಕೈಗಂಬಿ ಹಿಡಿದುಕೊಂಡಳು. ಅವನೂ ಅದೇ ಕಂಬಿ ಹಿಡಿದ, ಅವಳ ಬೆರಳಿಗೆ ತಾಗದಷ್ಟೇ ದೂರದಲ್ಲಿ. ಅವನ ಕಿವಿಯ ತುದಿ ಕೆಂಪಾಗಿತ್ತು.

"ನಾವಿಬ್ರೂ ಮದುವೆ ಆಗಿ ಒಂದೇ ಮನೇಲಿ ಇರಬಹುದಲ್ವಾ?" ಎಂದು ಒಂದೇ ಉಸಿರಿಗೆ ಕೇಳಿಬಿಟ್ಟ.

ಹೂಂ ಎನ್ನುವುದು ಅವಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಒಂದೇ ಮನೆ ಎಂದರೆ ಒಂದೇ ಕೋಣೆ, ಒಂದೇ ಕೋಣೆ ಎಂದರೆ ಒಂದೇ ಮಂಚ, ಮಂಚದ ಮೇಲೆ ಆ ಕಿವಿ. "ನಾಳೆ ಹೇಳ್ತೀನಿ," ಎಂದಳು. ಆ ರಾತ್ರಿ ಅವಳಿಗೆ ಗೊರಕೆ ಬರಲಿಲ್ಲ. ನಿದ್ದೆಯೇ ಬರದಿದ್ದ ಮೇಲೆ ಗೊರಕೆ ಎಲ್ಲಿಂದ ಬರಬೇಕು?

ಇವತ್ತು ಮಧ್ಯಾಹ್ನದ ಹೊತ್ತಿಗೆ ಪುಸ್ತಕ ಮುಗಿಯಿತು. ಖುಷಿಗೆ ಯಜಮಾನಿ ಎಲ್ಲರಿಗೂ ಊಟ ತರಿಸಿದ್ದರು. ಚೀಸ್ ತುಂಬಿದ ಬ್ರೆಡ್ಡು, ಹುರಿದ ಕೋಳಿ, ಎಣ್ಣೆಯಲ್ಲಿ ಕರಿದ ಆಲೂಗಡ್ಡೆ, ಕೊನೆಗೆ ಕೆನೆ ಹಾಕಿದ ಕೇಕು. ರೆಕಾರ್ಡಿಂಗ್ ಇರುವ ದಿನ ಅವಳು ಸಂಜೆಯವರೆಗೆ ಎರಡು ಹೋಳು ಸೇಬು, ಬಿಸಿನೀರು ಬಿಟ್ಟರೆ ಏನೂ ಮುಟ್ಟುವವಳಲ್ಲ. ಇವತ್ತು ಓದುವುದು ಮುಗಿದಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಕಂಠಪೂರ್ತಿ ತಿಂದಳು. ತಿಂದ ಮೇಲೆ ನಿದ್ದೆಗೆಟ್ಟ ಕಣ್ಣು ತಡೆಯಲಿಲ್ಲ. ಕಟ್ಟಡದಲ್ಲಿ ಸದ್ದಿಲ್ಲದ ಜಾಗ ಎಂದರೆ ಓದುವ ಕೋಣೆ ಒಂದೇ. ಅಲ್ಲಿ ಕಿವಿರಾಯ ಕೂರುವ ಕೋಣೆಯ ಕಡೆಗಿದ್ದ ಗಾಜಿನ ಕಿಟಕಿಯ ಕೆಳಗೆ, ಆಚೆಯವರಿಗೆ ಕಾಣದ ಮೂಲೆಯಲ್ಲಿ, ಕಾರ್ಪೆಟ್ಟಿನ ಮೇಲೆ ಐದು ನಿಮಿಷ ಅಡ್ಡಾಗೋಣ ಎಂದು ಮಲಗಿದಳು.

ಅದೇ ಹೊತ್ತಿಗೆ ಕಿವಿರಾಯ ಮೌನವನ್ನು ರೆಕಾರ್ಡ್ ಮಾಡಲು ಹೊರಟಿದ್ದ. ಹೊರಗಿನವರಿಗೆ ಇದು ಹುಚ್ಚು ಎನ್ನಿಸಬಹುದು. ಆದರೆ ಪ್ರತಿ ಕೋಣೆಗೂ ಅದರದೇ ಮೌನ ಇರುತ್ತದೆ. ಓದಿನ ನಡುವೆ ಕೆಮ್ಮನ್ನೋ ತಪ್ಪನ್ನೋ ಕತ್ತರಿಸಿ ತೆಗೆದಾಗ ಆ ಖಾಲಿ ಜಾಗಕ್ಕೆ ಅದೇ ಕೋಣೆಯ ಮೌನವನ್ನು ತುಂಬಬೇಕು, ಇಲ್ಲದಿದ್ದರೆ ಕೇಳುವವರಿಗೆ ಹಳ್ಳಕ್ಕೆ ಬಿದ್ದಂತಾಗುತ್ತದೆ. ಎಲ್ಲರೂ ಇನ್ನೂ ಊಟದಲ್ಲಿದ್ದಾರೆ, ಕೋಣೆ ಖಾಲಿ ಎಂದುಕೊಂಡು ಅವನು ಮೈಕು ತೆರೆದಿಟ್ಟು, ಬಟನ್ ಒತ್ತಿ ಟೀ ಕುಡಿಯಲು ಹೋದ. ಬಂದು ನೋಡಿದರೆ ಮೌನದ ತುಂಬ ಇದು.

ಅಷ್ಟರಲ್ಲಿ ಅವಳು ಎದ್ದು ಮುಖ ತೊಳೆಯಲು ಹೋಗಿಯಾಗಿತ್ತು.

"ಕೇಳಿ, ಕೇಳಿ, ಇಲ್ಲಿ ಫ್ಯಾನಿಗೆ ಏನೋ ಸಿಕ್ಕಿಹಾಕಿಕೊಳ್ಳುತ್ತೆ," ಎಂದು ಕಿವಿರಾಯ ಈಗ ಉತ್ಸಾಹದಿಂದ ವಿವರಿಸುತ್ತಿದ್ದ. "ಬೇರಿಂಗ್ ಹೋಗಿದೆ ಅನ್ಸುತ್ತೆ. ಒಣಗಿ ಹೋಗಿದೆ. ಒಳಗೆಲ್ಲ ಕೊಳೆ ತುಂಬಿರಬೇಕು."

ಅವಳಿಗೆ ನೆಲ ಬಾಯಿಬಿಟ್ಟರೆ ಒಳಗಿಳಿದು ಬಿಡೋಣ ಅನ್ನಿಸಿತು. ಕಾರ್ಪೆಟ್ಟು ಬಾಯಿ ಬಿಡಲಿಲ್ಲ.

ಎ.ಸಿ. ರಿಪೇರಿಯವರು ಬಂದರು. ಅದೇ ಬೀದಿಯ ಕೊನೆಯಲ್ಲಿ ಅಂಗಡಿ. ನರೆತ ಮೀಸೆಯ, ಮಾತು ಕಡಿಮೆಯ ಮನುಷ್ಯ. ಏಣಿ ಹತ್ತಿ ಮುಚ್ಚಳ ಬಿಚ್ಚಿ ನೋಡಿ, ಮತ್ತೆ ಮುಚ್ಚಿ, ಆನ್ ಮಾಡಿದರು. ಎ.ಸಿ. ಸದ್ದಿಲ್ಲದೆ ತಣ್ಣಗೆ ಓಡಿತು.

"ಇದರಲ್ಲಿ ಏನೂ ಇಲ್ಲ ಮೇಡಂ."

"ಏನೂ ಇಲ್ದೆ ಈ ಸದ್ದು ನಾವೇನು ಬಾಯಲ್ಲಿ ಮಾಡಿದ್ವಾ?" ಯಜಮಾನಿ ದನಿ ಏರಿಸಿದರು. "ರೀ, ಹಾಕ್ರೀ ಅದನ್ನ, ಕೇಳಲಿ."

ಕಿವಿರಾಯ ಹಾಕಿದ. ನಾಲ್ಕನೆಯವರೂ ಕೇಳಿದರು. ಕಥೆ ಮೇಡಂ ಸದ್ದು ಹೀರಲು ಗೋಡೆಗೆ ಅಂಟಿಸಿದ್ದ ಸ್ಪಂಜಿನ ಗುಳಿಗಳನ್ನು ನೋಡುತ್ತಾ ನಿಂತಳು.

"ಬಿಟ್ಟು ಬಿಟ್ಟು ಬರುತ್ತೆ ಅನ್ಸುತ್ತೆ," ಎಂದ ಕಿವಿರಾಯ.

"ನೋಡಿ, ನಾನು ನೇರವಾಗಿ ಹೇಳ್ತೀನಿ," ಎಂದರು ಯಜಮಾನಿ. "ನಿಮ್ಮ ಕೆಲಸ ನಂಬಿ ಇಡೀ ಕಟ್ಟಡದ ಎ.ಸಿ. ನಿಮಗೇ ಬಿಟ್ಟಿದ್ವಿ. ನಾಳೆಯಿಂದ ಬೇರೆಯವರಿಗೆ ಹೇಳ್ತೀನಿ. ಕೆಳಗಿನ ಮಹಡಿಯವರಿಗೂ ಹೇಳ್ತೀನಿ."

ರಿಪೇರಿಯವರು ಏಣಿಯಿಂದ ಇಳಿದು ಕೈಯನ್ನು ಬಟ್ಟೆಯಲ್ಲಿ ಒರೆಸಿಕೊಂಡರು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು. "ನನ್ನ ಕೆಲಸಕ್ಕೆ ಇವತ್ತಿನವರೆಗೂ ಯಾರೂ ಬೆಟ್ಟು ಮಾಡಿ ತೋರಿಸಿರ್ಲಿಲ್ಲ ಮೇಡಂ," ಎಂದರು. ಅವರ ಮುಖ ಕೆಂಪಾಗಿ, ಕಣ್ಣು ನೆಲ ನೋಡುತ್ತಿತ್ತು.

ಆ ಮುಖ ಅವಳಿಗೆ ಪರಿಚಯದ್ದು. ಅವಳು ಹೊತ್ತುಕೊಳ್ಳಬೇಕಾಗಿದ್ದ ನಾಚಿಕೆಯನ್ನು ಬೇರೆ ಯಾರೋ ಹೊತ್ತು ನಿಂತಿದ್ದರು. ಇನ್ನೊಂದು ನಿಮಿಷ ಸುಮ್ಮನಿದ್ದರೆ ಅವರು ಏಣಿ ಮಡಚಿಕೊಂಡು ಹೋಗಿಬಿಡುತ್ತಾರೆ, ಅವಳ ಮಾನ ಉಳಿಯುತ್ತದೆ, ಕಿವಿರಾಯನಿಗೆ ಹೂಂ ಎಂದೂ ಹೇಳಬಹುದು. ಎಷ್ಟು ಸುಲಭ!

"ಅದು ಎ.ಸಿ. ಅಲ್ಲ," ಎಂದಳು.

ಮೂವರೂ ತಿರುಗಿದರು.

"ಮತ್ತೇನದು?"

"ನಾನು. ಊಟ ಆದ್ಮೇಲೆ ಒಳಗೆ ಮಲಗಿದ್ದೆ. ಅದು... ಅದು ನನ್ನ ಗೊರಕೆ."

ಸಾವಿರಾರು ಪುಟ ತಡವರಿಸದೆ ಓದಿದ ದನಿ ಆ ಒಂದು ಮಾತಿಗೆ ಎರಡು ಕಡೆ ಮುರಿಯಿತು. ಯಜಮಾನಿ ತುಟಿ ಕಚ್ಚಿಕೊಂಡು ಕನ್ನಡಕ ಒರೆಸತೊಡಗಿದರು. ರಿಪೇರಿಯವರು ಬಗ್ಗಿ ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಾ, "ಹೇಳಿದ್ರಲ್ಲ, ಉಪಕಾರ ಆಯ್ತು ತಾಯಿ," ಎಂದರು.

ಕಿವಿರಾಯ ನಕ್ಕುಬಿಟ್ಟ.

ಸಣ್ಣ ನಗುವಲ್ಲ, ಗೊಳ್ಳೆಂದು ನಕ್ಕ. ತಕ್ಷಣ ಕೈಯಿಂದ ಬಾಯಿ ಮುಚ್ಚಿಕೊಂಡ, ಆದರೆ ಬಾಯಿಂದ ಹೋದದ್ದು ಹೋಗಿತ್ತು. ಅವಳು ಚೀಲ ತೆಗೆದುಕೊಂಡು ಮೆಟ್ಟಿಲಿಳಿದಳು. ಹಿಂದೆಯೇ ಅವನು ಓಡಿ ಬಂದ.

"ಮೇಡಂ, ನಿಲ್ಲಿ! ಒಂದ್ನಿಮಿಷ!"

ಅವಳು ತಿರುಗಲಿಲ್ಲ. "ನಿನ್ನೆ ಕೇಳಿದ್ರಲ್ಲ, ಅದಕ್ಕೆ ಉತ್ತರ ಹೇಳ್ತೀನಿ ಅಂದಿದ್ದೆ. ಆಗಲ್ಲ. ದಯವಿಟ್ಟು ಇನ್ನೊಂದ್ಸಲ ಕೇಳಬೇಡಿ."

ಮನೆಗೆ ಬಂದವಳು ಫೋನ್ ಆಫ್ ಮಾಡಿ ಕೋಣೆಯ ಬಾಗಿಲು ಹಾಕಿಕೊಂಡಳು. ಅಮ್ಮ ಹೊಲಿಗೆ ಮೆಷಿನ್ನಿನ ಮುಂದಿನಿಂದಲೇ ಏನಾಯಿತೆಂದು ಕೇಳಿದರು. ಹೇಳಿದಳು. ಹೇಳುವಾಗ ಅಳು ಬಂತು. ಮೂವತ್ತು ದಾಟಿದ ಹೆಂಗಸು ಗೊರಕೆಗಾಗಿ ಅಳುತ್ತಿದ್ದೇನಲ್ಲ ಎಂದು ಇನ್ನಷ್ಟು ನಾಚಿಕೆಯಾಗಿ ಇನ್ನಷ್ಟು ಅಳು ಬಂತು.

ಮರುದಿನ ಬೆಳಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಹದವಾಗಿ, ಮೆತ್ತಗೆ. ಅಷ್ಟು ಮೆತ್ತಗೆ ಬಾಗಿಲು ತಟ್ಟುವವನು ಊರಿಗೊಬ್ಬನೇ. ಅವಳು ತನ್ನ ಕೋಣೆಯ ಬಾಗಿಲಿಗೆ ಕಿವಿಕೊಟ್ಟು ನಿಂತಳು. ಈಗ ಕಿವಿಯ ಕೆಲಸ ಅವಳ ಪಾಲಿಗೆ ಬಂದಿತ್ತು.

"ನಗೋಕೆ ಬಂದ್ರೇನಪ್ಪ?" ಎಂದರು ಅಮ್ಮ.

"ಇಲ್ಲಮ್ಮ. ಕ್ಷಮೆ ಕೇಳೋಕೆ."

"ಕೂತ್ಕೊಳ್ಳಿ. ಕತ್ತರಿ ಇದೆ ಅಲ್ಲಿ, ನೋಡ್ಕೊಂಡು." ಮೆಷಿನ್ನು ಒಂದಿಷ್ಟು ದೂರ ಓಡಿ ನಿಂತಿತು. "ಗೊರಕೆ ಅವಳೇನು ಬೇಕು ಅಂತ ಹೊಡೀತಾಳಾ? ತಿನ್ನೋ ಕ್ರಮ ಸರಿಯಿದ್ರೆ ತಾನೆ ಮಲಗೋ ಕ್ರಮ ಸರಿಯಿರೋದು? ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನನ್ನ ಮಗಳಿಗೆ ಮಾತು ಗೊತ್ತು, ಊಟ ಗೊತ್ತಿಲ್ಲ."

"ಅಂದ್ರೆ?"

"ಅಂದ್ರೆ ಹಗಲೆಲ್ಲ ಉಪವಾಸ. ಸೇಬಿನ ಹೋಳು, ಬಿಸಿನೀರು. ಸಂಜೆ ಬರುವಾಗ ಕಣ್ಣು ಕತ್ತಲೆ. ಆಮೇಲೆ ಹಸಿದ ಹೊಟ್ಟೆ ಕೇಳುತ್ತಾ? ರಾತ್ರಿ ಒಂದೇ ಸಲಕ್ಕೆ ಮೂರು ಹೊತ್ತಿಂದೂ ತಿಂತಾಳೆ. ಕರಿದಿದ್ದು, ಬೆಣ್ಣೆ, ಐಸ್‌ಕ್ರೀಮು, ಸಿಕ್ಕಿದ್ದೆಲ್ಲ. ತಟ್ಟೆ ತೊಳೆದು ಹಾಗೇ ಹೋಗಿ ಬಿದ್ಕೊಳ್ತಾಳೆ. ಮೊದಲೂ ಗೊರಕೆ ಇತ್ತು, ಇಲ್ಲ ಅನ್ನಲ್ಲ, ಬೆಕ್ಕಿನ ಹಾಗೆ. ಈಗ ಗೋಡೆ ಆಚೆಯವರಿಗೂ ಕೇಳುತ್ತೆ."

"ಹಗಲು ಯಾಕಮ್ಮ ಊಟ ಮಾಡಲ್ಲ?"

"ನಿಮ್ಮ ಸ್ಟುಡಿಯೋಗೆ ಬಂದ ಹೊಸದರಲ್ಲಿ ಮಧ್ಯಾಹ್ನ ಊಟ ಮಾಡಿ ಓದೋಕೆ ಕೂತಿದ್ಲಂತೆ. ಹೊಟ್ಟೆ ಗುರ್ ಅಂತಂತೆ. ಯಾರೋ ಒಳಗಡೆಯಿಂದ ಮೈಕಲ್ಲಿ, ಎಲ್ಲರಿಗೂ ಕೇಳೋ ಹಾಗೆ, 'ಮೇಡಂ, ನೀವು ಸ್ವಲ್ಪ ನಿಲ್ಲಿಸಿ, ನಿಮ್ಮ ಹೊಟ್ಟೆ ಓದ್ತಾ ಇದೆ' ಅಂದ್ರಂತೆ. ಎಲ್ರೂ ನಕ್ಕರಂತೆ. ಅವತ್ತಿಂದ ಹಗಲು ಊಟ ಬಿಟ್ಲು. ಮಡಿಲಲ್ಲಿ ದಿಂಬು ಒತ್ತಿ ಹಿಡ್ಕೊಂಡು ಓದ್ತಾಳೆ, ಹಸಿದ ಹೊಟ್ಟೆ ಸದ್ದು ಮೈಕಿಗೆ ಹೋಗದೇ ಇರ್ಲಿ ಅಂತ."

ಅವಳು ಬಾಗಿಲಿಗೆ ಕಿವಿಯನ್ನು ಇನ್ನಷ್ಟು ಒತ್ತಿದಳು.

"ಯಾರೋ ಅಲ್ಲಮ್ಮ," ಎಂದ ಕಿವಿರಾಯ. "ನಾನೇ ಅಂದಿದ್ದು. ಅಂದಿದ್ದು ನೆನಪೇ ಇರ್ಲಿಲ್ಲ. ಚಳಿಗೆ ದಿಂಬು ಇಟ್ಕೋತಾರೆ ಅಂದ್ಕೊಂಡಿದ್ದೆ." ಅವನ ದನಿ ತೀರ ಕೆಳಗಿಳಿದಿತ್ತು. "ಎ.ಸಿ. ಕಡಿಮೆ ಮಾಡ್ತಿದ್ದೆ."

ಅವಳು ಬಾಗಿಲು ತೆರೆದಳು. ಅವನು ಹೊಲಿಗೆ ಬಟ್ಟೆಗಳ ನಡುವೆ ಬೆನ್ನು ಬಗ್ಗಿಸಿ ಕೂತಿದ್ದ. ಅವನಿಗೆ ಇಷ್ಟು ನಾಚಿಕೆಯಾಗಬಹುದೆಂದು ಅವಳು ಎಣಿಸಿರಲಿಲ್ಲ. ಒಳಗೊಳಗೇ ಒಂದು ಸಮಾಧಾನವಾಯಿತು. ಸುಳ್ಳು ಯಾಕೆ ಹೇಳಬೇಕು? ಅಮ್ಮ ಇಬ್ಬರ ಮುಖವನ್ನೂ ನೋಡಿ, ಗುಂಡಿ ತರುವ ನೆಪ ಹೇಳಿ ಹೊರಗೆ ಹೋದರು.

"ನಿನ್ನೆ ಯಾಕೆ ನಕ್ಕಿದ್ದು?" ಎಂದು ಅವಳು ನಿಂತೇ ಕೇಳಿದಳು.

"ನನಗೆ ನನ್ನ ಕಿವಿ ಬಗ್ಗೆ ಜಂಬ. ಕತ್ತಲಲ್ಲಿ ನೀವು ಉಸಿರಾಡಿದ್ರೂ ಗುರುತು ಹಿಡೀತೀನಿ ಅಂದ್ಕೊಂಡಿದ್ದೆ. ಗುರುತು ಹಿಡಿದದ್ದು ಬೇರಿಂಗ್ ಹೋದ ಎ.ಸಿ. ಅಂತ. ನನ್ನ ಮೇಲೆ ನನಗೇ ನಗು ಬಂತು. ಆದ್ರೆ ನಗೋಕೆ ಮುಂಚೆ ನಿಮ್ಮ ಮುಖ ನೋಡಬೇಕಿತ್ತು, ನೋಡದೇ ನಕ್ಕುಬಿಟ್ಟೆ. ನೋಡಿದ್ರೆ ನಗ್ತಾನೇ ಇರ್ಲಿಲ್ಲ."

"ಒಳಗೆಲ್ಲ ಕೊಳೆ ತುಂಬಿದೆ ಅಂದ್ರಿ."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಅಂದೆ."

"ಒಣಗಿಹೋಗಿದೆ ಅಂದ್ರಿ."

"ಅದನ್ನೂ ಅಂದೆ. ಮಾಡಿದ್ದುಣ್ಣೋ ಮಹಾರಾಯ ಅಂತ ಹೇಳಿ, ಸುಮ್ನೆ ಕೇಳಿಸ್ಕೊಳ್ತೀನಿ."

ಅವಳಿಗೆ ನಗು ಬರುವ ಹಾಗಾಯಿತು. ತಡೆದಳು. ಇದು ನಗುವ ವಿಷಯ ಅಲ್ಲ.

"ನಿಮಗೆ ಗಡಿಯಾರದ ಸದ್ದೇ ಆಗಲ್ಲ. ನಾನು ಪಕ್ಕದಲ್ಲಿ ಮಲಗಿದ್ರೆ ನಿಮಗೆ ನಿದ್ದೆ ಹೇಗೆ ಬರುತ್ತೆ?"

ಅವನು ಯೋಚಿಸಿದ. ಪ್ರೀತಿಸುವ ಗಂಡಸರು ಇಂಥ ಪ್ರಶ್ನೆಗೆ ಯೋಚಿಸುವುದಿಲ್ಲ, 'ನಿನ್ನ ಗೊರಕೆಯೇ ನನಗೆ ಜೋಗುಳ' ಎಂದು ತಟ್ಟನೆ ಹೇಳಿಬಿಡುತ್ತಾರೆ. ಅವನು ಹಾಗೆ ಹೇಳಿದ್ದರೆ ಅವಳು ಅಲ್ಲಿಗೇ ಅವನನ್ನು ಎಬ್ಬಿಸಿ ಕಳಿಸುತ್ತಿದ್ದಳು.

"ಬರಲ್ವೇನೋ," ಎಂದ. "ನಿಜ ಹೇಳ್ಬೇಕು ಅಂದ್ರೆ ಗೊತ್ತಿಲ್ಲ. ಬರದಿದ್ರೆ ಎರಡು ರೂಮಿನ ಮನೆ ನೋಡೋಣ. ಅಡುಗೆಮನೆ ಒಂದೇ ಇರ್ಲಿ, ಅಷ್ಟೇ ನನ್ನ ಆಸೆ. ಈಗ ನಾನು ಬಂದಿದ್ದು ಅದನ್ನ ಕೇಳೋಕಲ್ಲ. ಆ ರೆಕಾರ್ಡಿಂಗ್ ಮನೆಗೆ ಹೋಗಿ ಇನ್ನೊಂದ್ಸಲ ಕೇಳಿದೆ."

"ಇನ್ನೂ ಅಳಿಸಿಲ್ವಾ?" ಅವಳ ಮುಖಕ್ಕೆ ಬಿಸಿಯೇರಿತು.

"ನೀವು ಹೂಂ ಅಂದ್ರೆ ಈಗ್ಲೇ ಅಳಿಸ್ತೀನಿ. ಆದ್ರೆ ಅದ್ರಲ್ಲಿ ಕೆಲವು ಕಡೆ ಉಸಿರು ನಿಂತುಬಿಡುತ್ತೆ. ಸದ್ದೇ ಇಲ್ಲ. ಆಮೇಲೆ ಎಳ್ಕೊಂಡು ಬರುತ್ತೆ. ಸದ್ದು ನಿಂತಾಗ ನನಗೆ ಭಯ ಆಯ್ತು. ಜೀವಮಾನದಲ್ಲಿ ಮೊದಲನೇ ಸಲ ಸದ್ದು ಬರಲಿ ಅಂತ ಕಾದಿದ್ದು ಅವಾಗ." ಅವನು ತಲೆ ಎತ್ತಿ ಅವಳನ್ನು ನೋಡಿದ. ಮೀಟರಿನ ಗಾಜಿಲ್ಲದೆ, ನೇರವಾಗಿ. "ಡಾಕ್ಟರ ಹತ್ರ ಹೋಗೋಣ. ನನ್ನನ್ನ ಮದುವೆ ಆಗೋದು ಬೇಡ, ಪರವಾಗಿಲ್ಲ. ಹೋಗೋಣ ಬನ್ನಿ."

ಗಂಟಲಿನ ಡಾಕ್ಟರು ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ಗುಂಗುರು ಕೂದಲಿನ, ಚುರುಕಿನ ಹೆಂಗಸು. ಬಾಯಿ ತೆರೆಸಿ ನೋಡಿದರು, ಮೂಗಿಗೆ ಬೆಳಕು ಹಾಕಿ ನೋಡಿದರು. "ಗೊರಕೆ ಯಾವ ಥರ? ಯಾರಾದ್ರೂ ಕೇಳಿದವರು ಇದ್ದಾರಾ?"

ಕಥೆ ಮೇಡಂ ಕಿವಿರಾಯನ ಕಡೆ ನೋಡಿದಳು. ಅವನು ಲ್ಯಾಪ್‌ಟಾಪ್ ಇದ್ದ ಚೀಲದ ಮೇಲೆ ಕೈಯಿಟ್ಟು ಅವಳ ಮಾತಿಗೆ ಕಾದ. ಅವಳು ಹೂಂ ಎಂದು ತಲೆ ಆಡಿಸಿದಳು. ಆಡಿಸುವುದು ಸುಲಭವಾಗಿರಲಿಲ್ಲ.

ಘೊರ್ರ್. ಹೊರಗೆ ಕಾಯುತ್ತಿದ್ದವರ ಮಾತುಕತೆ ನಿಂತಿತು. ಯಾರೋ ಕಿಸಕ್ಕೆಂದರು. ಅವಳು ಎರಡೂ ಕೈಯನ್ನು ತೊಡೆಯ ಕೆಳಗಿಟ್ಟು ಕುಳಿತಳು.

"ಅಬ್ಬಾ! ಇಷ್ಟು ಕ್ಲಿಯರ್ ಆಗಿ ಯಾರೂ ತಂದಿರ್ಲಿಲ್ಲ," ಎಂದರು ಡಾಕ್ಟರು. "ಎಲ್ರೂ ಫೋನಲ್ಲಿ ತರ್ತಾರೆ, ಹೊದಿಕೆ ಸದ್ದೇ ಜಾಸ್ತಿ ಇರುತ್ತೆ. ಯಾವ ಮೈಕಲ್ಲಿ ಮಾಡಿದ್ದು?"

ಕಿವಿರಾಯ ಮೈಕಿನ ಹೆಸರು ಹೇಳಲು ಬಾಯಿ ತೆರೆದವನು ಅವಳ ಕಣ್ಣು ನೋಡಿ ಮುಚ್ಚಿದ.

ಡಾಕ್ಟರು ಊಟದ ಬಗ್ಗೆ ಕೇಳಿದರು. ಏನು, ಎಷ್ಟು, ಯಾವಾಗ. ಅವಳು ಒಂದೊಂದಾಗಿ ಹೇಳಿದಳು. ರಾತ್ರಿಯ ತಟ್ಟೆಯ ವಿವರ ಹೇಳುವಾಗ ದನಿ ಪಿಸುಮಾತಾಯಿತು, ಪ್ರೀತಿಸುವವನ ಮುಂದೆ ತಾನು ತಿನ್ನುವ ಲೆಕ್ಕ ಒಪ್ಪಿಸುವುದು ಗೊರಕೆಗಿಂತ ಹೆಚ್ಚು ನಾಚಿಕೆಯ ಕೆಲಸ ಅನ್ನಿಸಿತು. ಕಿವಿರಾಯ ಗೋಡೆಗೆ ತೂಗುಹಾಕಿದ್ದ ಮೂಗಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ನೋಡಿ, ಹೊಟ್ಟೆ ಬಿರಿಯೋ ಹಾಗೆ ತಿಂದು ತಕ್ಷಣ ಮಲಗಿದ್ರೆ ಆ ತುಂಬಿದ ಹೊಟ್ಟೆ ಮೇಲಕ್ಕೆ ಒತ್ತುತ್ತೆ," ಎಂದರು ಡಾಕ್ಟರು. "ಹುಳಿ ಗಂಟಲವರೆಗೂ ಬರಬಹುದು. ಗಂಟಲು ಊದಿಕೊಂಡು ದಾರಿ ಕಿರಿದಾಗುತ್ತೆ. ಕಿರಿದಾದ ದಾರೀಲಿ ಗಾಳಿ ನುಗ್ಗಿದ್ರೆ ಸದ್ದು ಬಂದೇ ಬರುತ್ತೆ."

"ಹಾಗಾದ್ರೆ ರಾತ್ರಿ ಊಟವನ್ನೂ ಬಿಟ್ಟುಬಿಡ್ಲಾ?"

"ಅಯ್ಯೋ, ಬಿಟ್ಟು ಬಿಟ್ಟೇ ತಾನೆ ಇಲ್ಲಿಗೆ ಬಂದಿರೋದು! ಬೆಳಗ್ಗೆ ತಿನ್ನಿ, ಮಧ್ಯಾಹ್ನ ತಿನ್ನಿ. ಸಂಜೆ ಬೇಗ, ಹಗುರವಾಗಿ ತಿನ್ನಿ, ಮಲಗೋಕೆ ಮೂರು ಗಂಟೆ ಮುಂಚೆ ಮುಗಿಸಿ. ಕರಿದಿದ್ದು ರಾತ್ರಿ ಬೇಡ. ಮಗ್ಗುಲಾಗಿ ಮಲಗಿ. ಉಸಿರು ನಿಲ್ಲೋದಕ್ಕೆ ಒಂದು ನಿದ್ದೆ ಪರೀಕ್ಷೆ ಬರ್ಕೊಡ್ತೀನಿ, ತಪ್ಪಿಸಬೇಡಿ."

"ಗೊರಕೆ ಪೂರ್ತಿ ಹೋಗುತ್ತಾ ಡಾಕ್ಟ್ರೇ?"

"ಕಡಿಮೆ ಆಗಬಹುದು. ಪೂರ್ತಿ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ."

ಹೊರಗೆ ಬಂದಾಗ ಮಧ್ಯಾಹ್ನದ ಬಿಸಿಲು ಚುರುಗುಡುತ್ತಿತ್ತು. ಎದುರಿನ ಸಣ್ಣ ಹೋಟೆಲಿಗೆ ಅವನು ಅವಳನ್ನು ಕರೆದುಕೊಂಡು ಹೋದ. ತರಕಾರಿ ಸೂಪು, ಬ್ರೆಡ್ಡು, ಬೇಯಿಸಿದ ಮೊಟ್ಟೆ. ಅವಳು ಚಮಚವನ್ನು ತಿರುಗಿಸುತ್ತಾ ಕುಳಿತಳು.

"ತಿನ್ನಿ."

"ನೀವು ನೋಡ್ತಿದ್ರೆ ಹೇಗೆ ತಿನ್ಲಿ?"

"ಸರಿ, ನಾನು ಬೀದಿ ನೋಡ್ತೀನಿ." ಅವನು ನಿಜವಾಗಿಯೂ ಕುರ್ಚಿ ತಿರುಗಿಸಿಕೊಂಡ. "ಇನ್ಮೇಲೆ ಸ್ಟುಡಿಯೋದಲ್ಲಿ ಮಧ್ಯಾಹ್ನ ಊಟ ಮಾಡ್ಲೇಬೇಕು. ಆಮೇಲೆ ಹೊಟ್ಟೆ ಏನಾದ್ರೂ ಮಾತಾಡ್ತು ಅಂದ್ರೆ ನಾನು ಕತ್ತರಿಸಿ ತೆಗೀತೀನಿ. ಮತ್ತೆ ನಾನಿರೋದ್ಯಾಕೆ? ಯಜಮಾನಿಯವರಿಗೂ ಹೇಳ್ತೀನಿ. ನಿನ್ನೆ ಸಂಜೆ ಎ.ಸಿ. ರಿಪೇರಿಯವರ ಅಂಗಡಿಗೂ ಹೋಗಿ ತಪ್ಪಾಯ್ತು ಅಂತ ಹೇಳಿ ಬಂದೆ."

"ಅವರೇನಂದ್ರು?"

"ನಿಮ್ಮ ಆ ಮೇಡಂ ಗಟ್ಟಿ ಹೆಂಗಸು, ಅಂಥವರನ್ನ ಕಳ್ಕೋಬೇಡಿ ಅಂದ್ರು. ಟೀ ಕೂಡ ಕುಡಿಸಿದ್ರು."

ಅವಳು ಅವನ ಬೆನ್ನನ್ನು ನೋಡುತ್ತಾ ಸೂಪು ಕುಡಿದಳು. ಅಂಗಿಯ ಕಾಲರಿನ ಮೇಲೆ ಒಂದು ದಾರದ ಎಳೆ ಅಂಟಿತ್ತು, ಅಮ್ಮನ ಮೆಷಿನ್ನಿನ ಪಕ್ಕ ಕೂತಾಗ ಅಂಟಿದ್ದು. ಅದನ್ನು ತೆಗೆಯಬೇಕು ಅನ್ನಿಸಿತು. ತೆಗೆಯಲಿಲ್ಲ. ಅವನ ಮೇಲಿನ ಆಸೆ ಹೊಟ್ಟೆಯ ಹಸಿವಿನಷ್ಟೇ ನೇರವಾಗಿ ಅವಳಿಗೆ ಗೊತ್ತಾಗುತ್ತಿತ್ತು, ಅದನ್ನೂ ಇಷ್ಟು ದಿನ ಉಪವಾಸ ಕೆಡವಿದ್ದಳು.

ವಾಪಸು ಬಸ್ಸಿನಲ್ಲಿ ಕಿಟಕಿ ಪಕ್ಕ ಅವಳಿಗೆ ಜಾಗ ಸಿಕ್ಕಿತು. ಎರಡು ರಾತ್ರಿಯ ನಿದ್ದೆ ಬಾಕಿ, ಹೊಟ್ಟೆಯಲ್ಲಿ ಬೆಚ್ಚಗಿನ ಊಟ, ಕಿಟಕಿಯಿಂದ ಗಾಳಿ. ರೆಪ್ಪೆ ಎಳೆಯತೊಡಗಿತು. ಅವಳು ಉಗುರಿನಿಂದ ಅಂಗೈ ಚುಚ್ಚಿಕೊಂಡಳು. ಬಸ್ಸಿನ ತುಂಬ ಜನ. ಮಲಗಿದರೆ ಮುಗಿಯಿತು ಕಥೆ.

"ನಿದ್ದೆ ಬಂದ್ರೆ ಮಲಗಿ," ಎಂದ ಅವನು.

"ಬೇಡ. ಎಲ್ರಿಗೂ ಕೇಳುತ್ತೆ. ನಿಮಗೂ."

"ಕೇಳ್ಲಿ."

"ನಿಮಗೆ ಗೊತ್ತಾಗಲ್ಲ. ಎದ್ದಾಗ ಎಲ್ರೂ ನೋಡ್ತಿರ್ತಾರಲ್ಲ, ಆ ನೋಟ..." ಅವಳು ಕಿಟಕಿಯತ್ತ ತಿರುಗಿದಳು.

"ಎದ್ದಾಗ ನಾನೂ ಇರ್ತೀನಲ್ಲ. ಅವರನ್ನ ಬಿಡಿ, ನನ್ನನ್ನ ನೋಡಿ."

ಅವಳು ಇನ್ನೊಂದು ತಿರುವಿನವರೆಗೆ ಕಣ್ಣು ತೆರೆದಿಟ್ಟುಕೊಂಡಳು. ಆಮೇಲೆ ಸೋತು, ಅವನ ಭುಜಕ್ಕೆ ತಲೆ ಕೊಟ್ಟಳು. ಅವನ ಭುಜ ಮೊದಲು ಗಟ್ಟಿಯಾಯಿತು, ನಿಧಾನವಾಗಿ ಸಡಿಲವಾಯಿತು. ಅಲ್ಲಿಂದ ಮುಂದೆ ಅವಳಿಗೆ ಏನೂ ಗೊತ್ತಿಲ್ಲ.

ಬಸ್ಸು ಯಾವುದೋ ಗುಂಡಿಗೆ ಇಳಿದು ಎದ್ದಾಗ ಎಚ್ಚರವಾಯಿತು. ಗಂಟಲು ಒಣಗಿತ್ತು. ಆ ಒಣಗುವಿಕೆ ಅವಳಿಗೆ ಚೆನ್ನಾಗಿ ಗೊತ್ತು. ಮುಂದಿನ ಸೀಟಿನ ಇಬ್ಬರು ತಿರುಗಿ ನೋಡಿ ಮತ್ತೆ ಮುಂದಕ್ಕೆ ತಿರುಗಿಕೊಂಡರು. ಅವಳು ಅವನ ಮುಖ ನೋಡಿದಳು.

"ಹೊಡೆದ್ನಾ?"

"ಹೊಡೆದ್ರಿ."

"ಜೋರಾಗಿ?"

"ಡ್ರೈವರು ಒಂದ್ಸಲ ಗಾಡಿ ನಿಧಾನ ಮಾಡಿ ಎಂಜಿನ್ ಸದ್ದು ಕೇಳಿಸ್ಕೊಂಡ್ರು."

ಅವಳು ಕಣ್ಣು ಮುಚ್ಚಿದಳು. "ಯಾರಾದ್ರೂ ಏನಾದ್ರೂ ಅಂದ್ರಾ?"

"ಹಿಂದಿನ ಸೀಟಿನವರು, 'ಅವರನ್ನ ಸ್ವಲ್ಪ ಎಬ್ಬಿಸ್ತೀರಾ' ಅಂತ ಕೇಳಿದ್ರು."

"ನೀವೇನಂದ್ರಿ?"

"'ಆಗಲ್ಲ. ನಮ್ಮ ಮನೆಯವರು, ಮಲಗಿ ಎರಡು ದಿನ ಆಗಿದೆ, ಮಲಗ್ಲಿ' ಅಂದೆ." ಹೇಳಿದವನು ಕಿವಿಯವರೆಗೂ ಕೆಂಪಾದ. "ತಪ್ಪಾಯ್ತು. ನೀವು ಒಪ್ಪಿಲ್ಲ ಅಂತ ಗೊತ್ತು. ಆತುರದಲ್ಲಿ ಬಾಯಿಗೆ ಬಂದುಬಿಡ್ತು. ಇನ್ನೊಂದ್ಸಲ ಹಾಗನ್ನಲ್ಲ."

ಬಸ್ಸು ಓಡುತ್ತಿತ್ತು. ಅವಳ ಮುಖ ಇನ್ನೂ ಉರಿಯುತ್ತಿತ್ತು. ನಾಚಿಕೆ ಎಲ್ಲಿಗೂ ಹೋಗಿರಲಿಲ್ಲ, ಎದೆಯ ಮೇಲೆ ಭಾರವಾಗಿ ಕೂತೇ ಇತ್ತು. ಆದರೆ ಇಡೀ ಬಸ್ಸು ಕೇಳುತ್ತಿದ್ದಾಗ, ಅವಳು ಬಾಯಿ ತೆರೆದು ಘೊರ್ರೆನ್ನುತ್ತಿದ್ದಾಗ, ಅವನು ಇವಳು ನನ್ನವಳೆಂದು ಹೇಳಿದ್ದ. ಅವಳು ಕೂದಲು ಸರಿಮಾಡಿಕೊಂಡು ಪೂರ್ತಿ ಹಿಂದಕ್ಕೆ ತಿರುಗಿದಳು. ಹಿಂದಿನ ಸೀಟಿನಲ್ಲಿ ತರಕಾರಿ ಚೀಲ ಹಿಡಿದ ಹೆಂಗಸೊಬ್ಬರು ಗಾಬರಿಯಿಂದ ಅವಳನ್ನು ನೋಡಿದರು.

"ಕ್ಷಮಿಸಿ ಅಕ್ಕಾ, ನನ್ನ ಗೊರಕೆ ಸ್ವಲ್ಪ ಜೋರು," ಎಂದಳು. ಕಥೆ ಓದುವ ದನಿಯಲ್ಲೇ, ತಡವರಿಸದೆ, ನಾಲ್ಕು ಸೀಟಿಗೆ ಕೇಳುವಷ್ಟು ಸ್ಪಷ್ಟವಾಗಿ. "ಇನ್ನೂ ದೂರ ಇದೆ, ನಾನು ಮತ್ತೆ ಮಲಗ್ತೀನಿ. ತೀರ ತೊಂದರೆ ಆದ್ರೆ ನಮ್ಮ ಮನೆಯವರಿಗೆ ಹೇಳಿ."

ಮುಂದಕ್ಕೆ ತಿರುಗಿದಾಗ ಕಿವಿರಾಯ ಬಾಯಿ ತೆರೆದುಕೊಂಡು ಕೂತಿದ್ದ.

"ಏನಂದ್ರಿ?"

"ಕೇಳಿಸ್ಲಿಲ್ವಾ?"

"ಕೇಳಿಸ್ತು. ಆದ್ರೂ ಇನ್ನೊಂದು ಟೇಕ್ ಸಿಕ್ಕಿದ್ರೆ..."

"ಇದು ಒಂದೇ ಟೇಕು," ಎಂದು ಅವಳು ಅವನ ಭುಜಕ್ಕೆ ಒರಗಿ ಕಣ್ಣು ಮುಚ್ಚಿದಳು.